ಫೋನ್ ಭಾರಿ ಅದ ಅಂದ್ರ ನನಗ್ಯಾಕ ಸಿಟ್ಟು ಬರ್ತದ

ಮೊನ್ನೆ ನಮ್ಮ ನೆಗೆಣ್ಣಿ ಮಗಳ ಕುಬಸದಾಗ ನಾ ತಗದ ಫೋಟೋ ನೋಡಿ ಎಲ್ಲಾರೂ ಒಂದ ಮಾತು ಅಂದ್ರಿ: "ನಿಮ್ಮ ಫೋನ್ ಭಾರಿ ಅದ ಬಿಡ್ರಿ, ಎಷ್ಟ್ ಛಂದ ಬಂದಾವ!" ನಮ್ಮ ಮನಿಯವರೂ ಹೌದಂತ ತಲಿ ಹಾಕಿದ್ರು. ಮಂದಿ ಮುಂದ ಅವತ್ತ ಸುಮ್ಮನಿದ್ದೆ. ಇವತ್ತ ಇರೂದಿಲ್ಲ. ಹೋಳಿಗಿ ಛಲೋ ಆದ್ರ "ನಿಮ್ಮ ಹಂಚು ಭಾರಿ ಅದ" ಅಂತೀರೇನು? ಹೋಳಿಗಿ ಹರದ್ರ ಮಾತ್ರ ಮಾಡಿದಾಕಿ ಹೆಸರು ನೆನಪಾಗ್ತದ.

ಇದು 2020ರಾಗ ತೊಗೊಂಡ ಫೋನ್. ಇದರಾಗ 2021ರ ದೀಪಾವಳಿ ಲಕ್ಷ್ಮೀ ಪೂಜಾದ ಫೋಟೋನೂ ಅವ, ಬಂದು ನೋಡ್ರಿ. ಫ್ಲ್ಯಾಶ್ ಬಡದು ಬೆಳ್ಳಿ ತಂಬಿಗಿ ಮ್ಯಾಲ ಬಿಳಿ ಬೊಟ್ಟು, ದೇವಿ ಮಾರಿ ಕಾಣೂದ ಇಲ್ಲ, ಗ್ವಾಡಿ ಮ್ಯಾಲ ಕರೀ ನೆರಳು. ಈಗ ಹೋದ ವರ್ಷದ್ದು ನೋಡ್ರಿ. ಟ್ಯೂಬ್‌ಲೈಟ್ ಆರಿಸಿದ್ದೆ, ಫ್ಲ್ಯಾಶ್ ಇಲ್ಲ, ಸಮೆ ಬೆಳಕಷ್ಟ. ಬೆಳಕು ಕಡಿಮಿ ಇದ್ದಾಗ ಚಿತ್ರ ಹಿಡೀಲಿಕ್ಕೆ ಫೋನ್ ಹೆಚ್ಚು ಹೊತ್ತು ತೊಗೋತದ, ಅಷ್ಟರಾಗ ಕೈ ಅಲುಗಿದ್ರ ಎಲ್ಲಾ ಕಲಸಿದಂಗಾಗ್ತದ. ಅದಕ್ಕ ಫೋನನ್ನ ಸಕ್ಕರಿ ಡಬ್ಬಿಗೆ ಆನಿಸಿಟ್ಟು ಟೈಮರ್ ಹಾಕಿದ್ದೆ. ಹಂಗಾದ್ರ ಸಕ್ಕರಿ ಡಬ್ಬಿನೂ ಭಾರಿ ಅದ ಅನ್ರಿ! ಫೋನೂ ಒಂದಿಷ್ಟು ಮಾಡ್ತದ, ಇಲ್ಲನ್ನೂದಿಲ್ಲ. ಆದ್ರ ಟ್ಯೂಬ್‌ಲೈಟ್ ಆರಿಸೂ ಬುದ್ಧಿ ಅದಕ್ಕ ಎಲ್ಲಿಂದ ಬರಬೇಕು?

ಹೋಮಾಯಿ ವ್ಯಾರಾವಾಲಾ ಅಂತ ಇದ್ರು, ನಮ್ಮ ದೇಶದ ಮೊದಲನೇ ಪತ್ರಿಕಾ ಛಾಯಾಗ್ರಾಹಕಿ. 2011ರಾಗ ಪದ್ಮವಿಭೂಷಣ ಕೊಟ್ರು. ಅಂಥಾವರು ತಗದ ಫೋಟೋನ ಸುರುವಿಗೆ ಗಂಡನ ಹೆಸರಿನಾಗ ಅಚ್ಚಾಗ್ತಿದ್ವು. ಅವರ ಕೆಲಸ ಗಂಡನ ಹೆಸರಿಗೆ ಹೋತು, ನಮ್ಮದು ಫೋನಿನ ಹೆಸರಿಗೆ.

ಇನ್ನ ಮನೀ ಹುಡುಗೂರದ್ದು ಬ್ಯಾರೆ. "ಅವ್ವಾ, ಹಳೇ ಕೆಟ್ಟ ಫೋಟೋ ಎಲ್ಲಾ ಅಳಸು, ಜಾಗಾ ತುಂಬೇದ." ಯಾಕ ಅಳಸಬೇಕು? ಅವು ಹೋದ್ರ ನಾ ಎಲ್ಲಿದ್ದೆ, ಎಲ್ಲಿಗೆ ಬಂದೆ ಅನ್ನೂದು ನನಗರೆ ಹೆಂಗ ತಿಳೀಬೇಕು? ದಿನಾ ನೋಡೂ ಕೂಸು ಬೆಳದದ್ದು ನಮಗ ಗೊತ್ತಾಗ್ತದೇನು, ಹಳೇ ಝಬಲಾ ತಗದು ನೋಡಿದಾಗಲೇ ಅಲ್ಲೇನು?

ಮತ್ತ ಆ ಕೆಟ್ಟ ಫೋಟೋದಾಗ ನಮ್ಮ ಅತ್ತಿಯವರೂ ಇದ್ದಾರ. 2022ರಾಗ ಅವರು ಹೋದಾಗ ಹಾರ ಹಾಕಲಿಕ್ಕೆ ಒಂದು ಫೋಟೋ ಸಿಗಲಿಲ್ಲ. ನಾನ ತಗದವು ನಲವತ್ತಕ್ಕೂ ಹೆಚ್ಚಿದ್ವು. ಎಲ್ಲಾದ್ರಾಗೂ ಕಿಟಕಿಗೆ ಬೆನ್ನು ಮಾಡಿ ಬತ್ತಿ ಹೊಸಕೋತ ಕೂತಾರ, ಹಿಂದ ಬೆಳಕು, ಮಾರಿ ಕರ್ರಗ. ಕಡೀಕ ಯಾರದೋ ಮದವಿ ಗ್ರೂಪ್ ಫೋಟೋದಾಗಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ವಿ. ಇವತ್ತಿಗೂ ಗ್ವಾಡಿ ಮ್ಯಾಲ ಅವರ ಭುಜದ ಹತ್ರ ಇನ್ನೊಬ್ಬರ ಜರದ ಸೆರಗು ಅದ. ನಾ ಎರಡು ಹೆಜ್ಜಿ ಸರದು ಬಾಜೂಕ ನಿಂತಿದ್ರ ಸಾಕಾಗಿತ್ತು. ಅಷ್ಟು ಸುದ್ದಾ ಅವಾಗ ಗೊತ್ತಿರಲಿಲ್ಲ.

ಹೋದ ತಿಂಗಳ ನಮ್ಮವ್ವ ಬಂದಿದ್ಲು. ಅದ ಕಿಟಕಿ ಹತ್ರ, ಬೆಳಕು ಒಂದು ಕೆನ್ನಿ ಮ್ಯಾಲ ಬೀಳೂಹಂಗ ಕೂಡಿಸಿದೆ. ಸುಲೀಲಿಕ್ಕೆ ಬಳ್ಳೊಳ್ಳಿ ಕೊಟ್ಟು, ಮಾತಾಡ್ತ ಮಾತಾಡ್ತ ತಗದೆ. ಅವ್ವ ಕನ್ನಡಕ ಏರಿಸಿ ಭಾಳ ಹೊತ್ತು ನೋಡಿದ್ಲು. "ಇದನ್ನ ತಗದಿಡವಾ, ಆಮ್ಯಾಲ ಹುಡುಕ್ಯಾಡಬ್ಯಾಡ್ರಿ" ಅಂದ್ಲು.

ಫೋನಿನ ಸುದ್ದಿ ತಗೀಲೇ ಇಲ್ಲ.