ಹಾಸಿಗೆಯಡಿಯ ನಾಣ್ಯ

ನಮ್ಮ ದೊಡ್ಡಮ್ಮ ಗುರುಗಳಿಂದ ದೀಕ್ಷೆ ಪಡೆದ ವರ್ಷವೇ ಈರುಳ್ಳಿ ಬೆಳ್ಳುಳ್ಳಿ ಬಿಟ್ಟರು. ಮರುವರ್ಷ ಬೆಳಗಿನ ಕಾಫಿಯೂ ಹೋಯಿತು. ಯಾರೂ ತಕರಾರು ತೆಗೆಯಲಿಲ್ಲ. ಮಾತಿಗೆ ಮುಂಚೆ ಸಿಡುಕುತ್ತಿದ್ದ ಹೆಂಗಸು ಸೊಸೆಯ ಹತ್ತಿರ ತಗ್ಗಿದ ದನಿಯಲ್ಲಿ ಮಾತಾಡತೊಡಗಿದ್ದನ್ನು ಮನೆಮಂದಿಯೆಲ್ಲ ಕಂಡಿದ್ದೆವು. ಮೂರನೆಯ ವರ್ಷ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿದಾಗ ಮಾತ್ರ ಗಾಬರಿಯಾಯಿತು. ಕೇಳಿದರೆ, "ನಂಬಿಕೆಗಿಂತ ದೊಡ್ಡ ಔಷಧ ಇಲ್ಲ ಅಂತ ಗುರುಗಳೇ ಹೇಳಿದಾರೆ" ಎಂದರು.

ಗುರುವಾದವನು ಇನ್ನೊಬ್ಬರ ನಂಬಿಕೆಯನ್ನು ಹೇಗೆ ತಿದ್ದುತ್ತಾನೆ ಎಂದು ಯೋಚಿಸುವಾಗಲೆಲ್ಲ ನನಗೆ ಆ ಮೂರು ವರ್ಷ ನೆನಪಾಗುತ್ತವೆ. ತರ್ಕಕ್ಕೆ ಸೋತು ಯಾರೂ ಕಾಫಿ ಬಿಡುವುದಿಲ್ಲ. ಒಬ್ಬರ ನಡೆಯನ್ನು ಹತ್ತಿರದಿಂದ ನೋಡಿ, ಇವರ ಬಾಳು ನನ್ನದಕ್ಕಿಂತ ಹಗುರವಾಗಿದೆ ಅನ್ನಿಸಿದಾಗ ಅವರ ಮಾತು ಒಳಗಿಳಿಯುತ್ತದೆ. ಇಲ್ಲಿಯವರೆಗೆ ಅಡ್ಡಿಯಿಲ್ಲ. ಸಿಟ್ಟಿನ ವಿಷಯದಲ್ಲಿ ಗುರುಗಳ ಮಾತು ನಿಜವಾಯಿತು, ಹಾಗಾದರೆ ಸಕ್ಕರೆಯ ವಿಷಯದಲ್ಲೂ ನಿಜವೇ ಇರಬೇಕು ಎಂದುಕೊಳ್ಳುವಲ್ಲಿ ದಾರಿ ತಪ್ಪುತ್ತದೆ. ಆಮೇಲೆ ಮಗಳ ಸಂಬಂಧ, ಸೈಟಿನ ವ್ಯವಹಾರ, ಕಡೆಗೆ ಓಟು. ಒಂದು ಗದ್ದೆಗೆಂದು ಬಿಟ್ಟ ನೀರು ಬದು ಒಡೆದು ನಾಲ್ಕು ಗದ್ದೆಗೆ ನುಗ್ಗುತ್ತದೆ.

ಬದು ಕಾಯ್ದುಕೊಂಡ ಶಿಷ್ಯರೂ ಇದ್ದರು. 1881ರಲ್ಲಿ ರಾಮಕೃಷ್ಣ ಪರಮಹಂಸರನ್ನು ಮೊದಲು ಕಂಡ ನರೇಂದ್ರನಾಥ ದತ್ತ, ಮುಂದಿನ ವಿವೇಕಾನಂದ, ಬ್ರಹ್ಮಸಮಾಜದ ಹುಡುಗ. ವಿಗ್ರಹಪೂಜೆ ಅವನಿಗೆ ಸಲ್ಲದು. ಅದ್ವೈತವನ್ನಂತೂ, ಈ ಚೊಂಬೂ ದೇವರು, ಈ ಬಟ್ಟಲೂ ದೇವರು ಎಂದು ದಕ್ಷಿಣೇಶ್ವರದ ಜಗುಲಿಯಲ್ಲೇ ಗೇಲಿ ಮಾಡಿದವನು. ಗುರುಗಳಿಗೆ ಹಣ ಮುಟ್ಟಿದರೆ ಆಗುವುದಿಲ್ಲವೆಂಬ ಮಾತು ಕೇಳಿ, ಅವರಿಲ್ಲದ ಹೊತ್ತಿನಲ್ಲಿ ಹಾಸಿಗೆಯಡಿ ಒಂದು ರೂಪಾಯಿ ನಾಣ್ಯ ಇಟ್ಟ. ಬಂದು ಕೂತವರು ಚೇಳು ಕುಟುಕಿದಂತೆ ಎದ್ದರು ಎಂದು ಜೀವನಚರಿತ್ರೆಕಾರರು ಬರೆಯುತ್ತಾರೆ. ಮೈ ನಿಜವಾಗಿ ಉರಿಯಿತೋ ಇಲ್ಲವೋ, ನನಗದು ದೊಡ್ಡದಲ್ಲ. ಇದು ನರೇಂದ್ರನ ಕೆಲಸ ಎಂದು ಗೊತ್ತಾದ ಮೇಲೂ ಅವರು ಮುನಿಯಲಿಲ್ಲ. ಚಿನಿವಾರ ನಾಣ್ಯ ಪರೀಕ್ಷಿಸುವ ಹಾಗೆ ನನ್ನನ್ನೂ ಪರೀಕ್ಷಿಸು ಎಂಬುದೇ ಅವರ ನಿಲುವು. 1884ರಲ್ಲಿ ತಂದೆ ತೀರಿಕೊಂಡು ಮನೆ ಹಸಿವಿಗೆ ಬಿದ್ದಾಗ, ನೀನೇ ಹೋಗಿ ಅಮ್ಮನನ್ನು ಕೇಳು ಎಂದು ಅವನನ್ನು ಕಾಳಿಯ ಗುಡಿಗೆ ಕಳಿಸಿದರು. ಮೂರು ಸಲ ಹೋದ. ಮೂರು ಸಲವೂ ಹಣ ಕೇಳಲು ಬಾಯಿ ಬರಲಿಲ್ಲ. ಅಂದಿನಿಂದ ಕಾಳಿ ಅವನಿಗೂ ತಾಯಿಯಾದಳು. ಗುರು ಬಾಗಿಲು ತೋರಿಸಿದರು, ಒಳಗೆ ನಡೆದದ್ದು ಅವನದೇ ಅನುಭವ.

ಅದೇ ಪರಂಪರೆಯ ಒಂದು ಎಳೆ ಕವಿ ಕುವೆಂಪು ಅವರ ಊರಾದ ನಮ್ಮ ಕುಪ್ಪಳಿಯವರೆಗೂ ಬಂದಿದೆ. ಮೈಸೂರಿನ ಆಶ್ರಮದಲ್ಲಿ ಸ್ವಾಮಿ ಸಿದ್ಧೇಶ್ವರಾನಂದರ ಒಡನಾಟದಲ್ಲಿದ್ದ ಕುವೆಂಪು, ಪರಮಹಂಸರ ನೇರ ಶಿಷ್ಯರಾದ ಸ್ವಾಮಿ ಶಿವಾನಂದರಿಂದ 1929ರಲ್ಲಿ ಬೇಲೂರು ಮಠದಲ್ಲಿ ದೀಕ್ಷೆ ಪಡೆದರು. ಪರಮಹಂಸರದೂ ವಿವೇಕಾನಂದರದೂ ಜೀವನಚರಿತ್ರೆ ಬರೆದರು. ಪುರೋಹಿತಶಾಹಿಯ ಮೇಲೆ ಹರಿಹಾಯ್ದದ್ದೂ, ಮಂತ್ರಮಾಂಗಲ್ಯವೆಂಬ ಸರಳ ಮದುವೆಯನ್ನು ರೂಪಿಸಿದ್ದೂ, ನಿರಂಕುಶಮತಿಗಳಾಗಿ ಎಂದು ತರುಣರನ್ನು ಕರೆದದ್ದೂ ಅದೇ ಕೈ. ವಿಚಾರವಾದಿಗಳು ದೀಕ್ಷೆಯನ್ನು ಮರೆಯುತ್ತಾರೆ, ಭಕ್ತರು ನಿರಂಕುಶಮತಿಯನ್ನು. ಎರಡೂ ಕಡೆಯವರು ಅರ್ಧ ಕುವೆಂಪುವನ್ನು ಮಾತ್ರ ಮನೆಗೆ ಕರೆದೊಯ್ದರು. ಶಾಸ್ತ್ರಕ್ಕಿಂತ, ಶಾಸ್ತ್ರ ಓದಿಸುವವನಿಗಿಂತ ಸ್ವಂತ ಅನುಭವ ಮೇಲು ಎನ್ನುವ ಗುರುಮನೆಯಿಂದ ಬಂದವರು ಪುರೋಹಿತರನ್ನು ಪ್ರಶ್ನಿಸಿದರೆ ಅದು ಗುರುದ್ರೋಹ ಹೇಗಾದೀತು?

ಹಾಗಾದರೆ ಗುರುವೇ ಬೇಡವೆಂದರೆ ಸರಿಹೋದೀತೆ? ಅದೇ 1929ರ ಆಗಸ್ಟ್ 3ರಂದು ಹಾಲೆಂಡಿನ ಓಮೆನ್‌ನಲ್ಲಿ ಜಿದ್ದು ಕೃಷ್ಣಮೂರ್ತಿ, ತಮ್ಮನ್ನು ಜಗದ್ಗುರುವೆಂದು ಮೆರೆಸಲು ಕಟ್ಟಿದ್ದ ನಕ್ಷತ್ರ ಸಂಘವನ್ನು ತಾವೇ ವಿಸರ್ಜಿಸಿದರು. ಬಂದಿದ್ದ ಆಸ್ತಿಯನ್ನೂ ಕೊಟ್ಟವರಿಗೇ ಮರಳಿಸಿದರು. ಆದರೂ 1986ರಲ್ಲಿ ಕಣ್ಣುಮುಚ್ಚುವವರೆಗೆ ಅವರ ಮುಂದೆ ಜನ ಸೇರುತ್ತಲೇ ಇದ್ದರು. ಗುರು ಬೇಡ ಎಂಬ ಅವರ ಮಾತನ್ನು ಗುರುವಾಕ್ಯದಂತೆ ಒಪ್ಪಿಸುವವರನ್ನು ನಾನೇ ಕಂಡಿದ್ದೇನೆ, ಪಾಪ.

ಇನ್ನೊಂದು ಮಾತು. ಈಗಿನ ಭಕ್ತರಿಗೆ ಗುರು ಸಿಗುವುದು ದರ್ಶನದ ಸಾಲಿನಲ್ಲಿ ಅರ್ಧ ನಿಮಿಷ. ಉಳಿದ ಹೊತ್ತೆಲ್ಲ ಸಿಗುವವರು ಸಹಭಕ್ತರು, ಸೇವಾಕರ್ತರು, ವಾಟ್ಸಾಪ್ ಗುಂಪಿನವರು. ನಂಬಿಕೆಗೆ ಆಕಾರ ಕೊಡುವ ಕೆಲಸದಲ್ಲಿ ಮುಕ್ಕಾಲು ಪಾಲು ಇವರದು, ಮುದ್ರೆ ಮಾತ್ರ ಗುರುವಿನದು. ದೊಡ್ಡಮ್ಮನ ಪ್ರಕರಣದಲ್ಲೂ ಆದದ್ದು ಇಷ್ಟೇ. ಬಿಡದೆ ವಿಚಾರಿಸಿದಾಗ, ಔಷಧದ ಮಾತು ಬಂದದ್ದು ಗುರುವಾರದ ಭಜನೆಯ ಜೊತೆಗಾತಿಯೊಬ್ಬರಿಂದ ಎಂದು ತಿಳಿಯಿತು. ಅಣ್ಣ ದೊಡ್ಡಮ್ಮನನ್ನು ಮಠಕ್ಕೇ ಕರೆದೊಯ್ದ. ದೊಡ್ಡಮ್ಮ ಸೆರಗು ಹೊದ್ದು, ನಡುಗುತ್ತಲೇ ಕೇಳಿದರು. "ನಾನು ಯಾವಾಗ ಹಾಗಂದೆ ತಾಯಿ? ನಾನೇ ದಿನಾ ಬಿಪಿ ಮಾತ್ರೆ ನುಂಗ್ತೀನಿ" ಎಂದು ಸ್ವಾಮಿಗಳು ನಕ್ಕರು.

ಎಲ್ಲ ಸ್ವಾಮಿಗಳೂ ಹೀಗೆ ನಗುವುದಿಲ್ಲ. ಪ್ರಶ್ನೆ ಕೇಳಿದವರನ್ನು ಮುಂದಿನ ವಾರ ಹಿಂದಿನ ಸಾಲಿಗೆ ತಳ್ಳುವ ಜಾಗಗಳೂ ನನಗೆ ಗೊತ್ತು. ಹಾಗೆ ತಳ್ಳಿದ ದಿನವೇ ಎದ್ದು ಬರಬೇಕು ಎಂಬುದು ನನ್ನ ಅಭಿಪ್ರಾಯ.

ದೊಡ್ಡಮ್ಮ ಆ ಪ್ರಶ್ನೆ ಕೇಳಲು ಆರು ತಿಂಗಳು ತಡಮಾಡಿದರು. ಅಷ್ಟರಲ್ಲಿ ಬಲಗಾಲಿನ ಕಿರುಬೆರಳು ತೆಗೆಸಬೇಕಾಯಿತು. ಈರುಳ್ಳಿ ಈಗಲೂ ತಿನ್ನುವುದಿಲ್ಲ, ಮಾತ್ರೆ ತಪ್ಪಿಸುವುದಿಲ್ಲ.