ಅಂಟಿಸಿದ ಚೀಟಿ, ಅಡಿಯ ಬರಹ

ದಿನಚರಿ ಬರೆಯುವ ರೂಢಿ ನಮ್ಮ ಮನೆಗಳಿಗೆ ಹೊಸತಲ್ಲ. ಜಮಾಖರ್ಚಿನ ವಹಿಯ ಅಂಚಿನಲ್ಲಿ ಮಳೆ ಬಿದ್ದ ದಿನ, ಎಮ್ಮೆ ಈದ ದಿನ, ಮಗು ಹುಟ್ಟಿದ ಗಳಿಗೆ ಮುಂತಾದವನ್ನು ಬರೆದಿಟ್ಟ ಹಿರಿಯರನ್ನು ನಾವೆಲ್ಲ ಕಂಡಿದ್ದೇವೆ. ಈಗ ಕೆಲವು ವರ್ಷಗಳಿಂದ ಕಾಲೇಜಿಗೆ ಹೋಗುವ ಮಕ್ಕಳಲ್ಲಿ ಇನ್ನೊಂದು ಬಗೆಯ ದಿನಚರಿ ಕಾಣುತ್ತಿದೆ. ಅದರಲ್ಲಿ ಬರಹ ಸ್ವಲ್ಪ. ಅದರ ಸುತ್ತ ಲಗ್ನಪತ್ರಿಕೆಯ ತುಂಡು, ಬಸ್ಸಿನ ಟಿಕೇಟು, ಒಣಗಿದ ಎಲೆ, ಬಟ್ಟೆಯ ಚೂರು, ಪತ್ರಿಕೆಯಿಂದ ಕತ್ತರಿಸಿದ ಚಿತ್ರ ಇವುಗಳನ್ನು ಒಂದರ ಮೇಲೊಂದು ಬರುವಂತೆ ಜೋಡಿಸಿ ಅಂಟಿಸಿರುತ್ತಾರೆ. ಚಿತ್ರಕಲೆಯವರು ಇಂಥ ಜೋಡಣೆಯನ್ನು ಕೊಲಾಜ್ ಎನ್ನುತ್ತಾರೆ. ಅಂಟಿಸುವುದು ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದ ಹೆಸರದು. ೧೯೧೨ರಲ್ಲಿ ಪಿಕಾಸೊ ಮತ್ತು ಬ್ರಾಕ್ ಎಂಬ ಕಲಾವಿದರು ತಮ್ಮ ಚಿತ್ರಗಳಲ್ಲಿ ಕಾಗದವನ್ನೂ ಮೇಣಬಟ್ಟೆಯನ್ನೂ ಅಂಟಿಸಿ ಈ ಪದ್ಧತಿಗೆ ಕಲೆಯ ಮನ್ನಣೆ ತಂದರು.

ಇದು ಕಾಲಹರಣವೋ, ಪ್ರಯೋಜನವುಳ್ಳದ್ದೋ ಎಂದು ಪಾಲಕರು ಕೇಳುವುದುಂಟು. ಕಾಲಹರಣವೆಂದೇ ನಾನೂ ತಿಳಿದಿದ್ದೆ. ಆ ತಿಳಿವಳಿಕೆ ತಪ್ಪೆಂದು ನನಗೆ ಮನವರಿಕೆಯಾದ ಬಗೆಯನ್ನು ಇಲ್ಲಿ ನಿವೇದಿಸುತ್ತೇನೆ.

೨೦೧೬ರ ದೀಪಾವಳಿಯ ಹೊತ್ತಿಗೆ ಪರಿಚಿತ ಸದ್ಗೃಹಸ್ಥರೊಬ್ಬರ ಮನೆಗೆ ಹೋಗಿದ್ದೆ. ಅವರ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಳು. ಮಾತಿನ ನಡುವೆ ಅವರು ಒಳಗಿನಿಂದ ದಪ್ಪ ನೋಟುಪುಸ್ತಕವೊಂದನ್ನು ತಂದು ನನ್ನ ಕೈಗಿತ್ತು, “ಶಾಸ್ತ್ರಿಗಳ, ಈಕಿಗೆ ನೀವ ಒಂದೀಟು ಬುದ್ಧಿ ಹೇಳ್ರಿ. ಓದೂದು ಬಿಟ್ಟು ಕತ್ತರಿ, ಅಂಟು ಹಿಡ್ಕೊಂಡು ಕುಂದರತಾಳ” ಎಂದರು. ನಾನು ವಿಚಾರ ಮಾಡದೆ ಎರಡು ಪುಟ ತಿರುವಿಹಾಕಿದೆ. ತಲೆಯೆತ್ತಿದಾಗ ಆ ಹುಡುಗಿ ಬಾಗಿಲ ಬಳಿ ಮುಖ ತಗ್ಗಿಸಿ ನಿಂತಿದ್ದಳು. ಪರರ ಪತ್ರವನ್ನು ಒಡೆದು ಓದಬಾರದೆಂದು ಊರೂರಿಗೆ ಹೇಳುತ್ತ ಬಂದ ನಾನು ಅದನ್ನೇ ಮಾಡಿದ್ದೆ. ಪುಸ್ತಕವನ್ನು ಮುಚ್ಚಿ ಅವಳ ಕೈಗೇ ಕೊಟ್ಟು, “ತಪ್ಪಾಯಿತು ತಾಯಿ” ಎಂದೆ. ತಂದೆಗೆ ಅದು ಹಿಡಿಸಲಿಲ್ಲ.

ಮರುವರ್ಷದ ಯುಗಾದಿಗೆ ಮತ್ತೆ ಆ ಊರಿಗೆ ಹೋದಾಗ ಆ ಮಗುವೇ ಪುಸ್ತಕ ತಂದು, “ಅಜ್ಜಾರ, ಈ ಒಂದು ಪುಟ ನೋಡ್ರಿ. ಅಪ್ಪಗ ಮಾತ್ರ ಹೇಳಬ್ಯಾಡ್ರಿ” ಎಂದಳು. ಪುಟದ ಒಂದು ಬದಿಗೆ ಅಜ್ಜಿಯ ಇಳಕಲ್ ಸೀರೆಯ ಸೆರಗಿನ ಚೂರು. ನಡುವೆ ಬಿಳಿಯ ಚೀಟಿಯೊಂದು. ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಬಸ್ಸಿನ ಟಿಕೇಟಂತೆ, ಎರಡು ವರ್ಷದಲ್ಲಿ ಅಚ್ಚೆಲ್ಲ ಮಾಸಿಹೋಗಿತ್ತು. ಅದರಡಿ ನೀಲಿ ಶಾಯಿಯಲ್ಲಿ ಅವಳು ಬರೆದಿದ್ದಳು: “ಕಾಲೇಜಿಗೆ ಹೆಸರು ಹಚ್ಚಿದ ದಿನ. ಫೀ ತುಂಬಿದ ಮ್ಯಾಲೆ ಒಂದ ಟಿಕೇಟಿನ ರೊಕ್ಕ ಉಳಿದಿತ್ತು. ಅಪ್ಪ ಕೆಲಸ ಐತಿ ಅಂದು ನನ್ನನ್ನ ಬಸ್ಸಿಗೆ ಹತ್ತಿಸಿದ. ರಾತ್ರಿ ಒಂಬತ್ತಕ್ಕ ನಡಕೊಂಡು ಬಂದ. ಇದು ನನ್ನ ಟಿಕೇಟು. ಅಪ್ಪಂದು ಇಲ್ಲ.”

ಚೀಟಿಯ ಅಚ್ಚು ಅಳಿದಿತ್ತು. ಅಡಿಯ ಬರಹ ಉಳಿದಿತ್ತು. ಈ ಬಗೆಯ ದಿನಚರಿಯ ಸಾರವೆಲ್ಲ ನನಗೆ ಅಲ್ಲಿ ತಿಳಿಯಿತು.

ಆನ್ ಫ್ರಾಂಕ್ ಎಂಬ ಯೆಹೂದಿ ಬಾಲಕಿಯ ಹೆಸರನ್ನು ಓದುಗರು ಕೇಳಿರಬಹುದು. ೧೯೪೨ರ ಜೂನ್ ೧೨ರಂದು, ತನ್ನ ೧೩ನೆಯ ಹುಟ್ಟುಹಬ್ಬಕ್ಕೆ, ಅವಳಿಗೆ ಆಮ್ಸ್ಟರ್‌ಡ್ಯಾಮಿನಲ್ಲಿ ಚೌಕಳಿ ಹೊದಿಕೆಯ ದಿನಚರಿಯೊಂದು ದೊರೆಯಿತು. ಅದರಲ್ಲಿ ಅವಳು ತನ್ನ ಭಾವಚಿತ್ರಗಳನ್ನು ಅಂಟಿಸಿ ಪಕ್ಕದಲ್ಲಿ ತನ್ನ ಅಭಿಪ್ರಾಯಗಳನ್ನೂ ಬರೆದಳು. ಮುಂದಿನ ತಿಂಗಳೇ ನಾಜಿಗಳ ಭಯದಿಂದ ಆ ಕುಟುಂಬ ಅಡಗಿ ಬಾಳಬೇಕಾಯಿತು. ಎರಡು ವರ್ಷಗಳ ಮೇಲೆ, ೧೯೪೪ರ ಆಗಸ್ಟ್ ೪ರಂದು, ಅವರೆಲ್ಲ ಸೆರೆಸಿಕ್ಕರು. ಬದುಕಿ ಮರಳಿದವರು ತಂದೆಯೊಬ್ಬರೇ. ಆಪ್ತರು ಕಾಪಾಡಿಟ್ಟಿದ್ದ ಮಗಳ ಹಾಳೆಗಳನ್ನು ಅವರು ೧೯೪೭ರಲ್ಲಿ ಪ್ರಕಟಿಸಿದರು. ಭಾವಚಿತ್ರ ಮಾತ್ರ ಉಳಿದಿದ್ದರೆ ಮುಖವೊಂದು ತಿಳಿಯುತ್ತಿತ್ತು. ಬರಹವೂ ಉಳಿದುದರಿಂದ ಆ ಮಗುವಿನ ಮನಸ್ಸು ಲೋಕಕ್ಕೆ ತಿಳಿಯಿತು.

ಆದ್ದರಿಂದ ಇಂಥ ಪುಸ್ತಕ ಇಡಬಯಸುವವರಿಗೆ ನನ್ನ ಮೊದಲ ಸೂಚನೆ ಇದು: ಏನನ್ನೇ ಅಂಟಿಸಿದರೂ ಅಡಿಯಲ್ಲಿ ದಿನಾಂಕವನ್ನೂ, ಅದನ್ನು ಏಕೆ ಇಟ್ಟುಕೊಂಡಿರೆಂಬುದನ್ನೂ ಎರಡು ಸಾಲಿನಲ್ಲಿ ಬರೆಯಿರಿ.

ಉಳಿದವು ಕೈಕೆಲಸದ ಮಾತುಗಳು. ಮಠದ ಪ್ರಸಾದ ನಿಲಯದಲ್ಲಿದ್ದಾಗ ಹರಿದ ಪುಸ್ತಕಗಳಿಗೆ ನಾವೇ ರಟ್ಟು ಕಟ್ಟುತ್ತಿದ್ದೆವು. ಆ ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಯಂತ್ರದಿಂದ ಬರುವ ಇಂದಿನ ಟಿಕೇಟು, ರಸೀದಿಗಳು ಬಹುಮಟ್ಟಿಗೆ ಶಾಖಕ್ಕೆ ಕಪ್ಪಾಗುವ ಲೇಪವುಳ್ಳ ಕಾಗದದವು. ಬೆಳಕು, ಬಿಸಿ, ಎಣ್ಣೆ, ಕೆಲವು ಬಗೆಯ ಅಂಟು ತಾಗಿದರೆ ಅವುಗಳ ಅಚ್ಚು ಬೇಗ ಮಾಸುತ್ತದೆ. ಅವುಗಳ ಝೆರಾಕ್ಸ್ ಪ್ರತಿಯನ್ನು ಅಂಟಿಸುವುದು ಲೇಸು. ಸುದ್ದಿಪತ್ರಿಕೆಯ ಕಾಗದ ಬೆಳಕಿಗೂ ಗಾಳಿಗೂ ಹಳದಿಯಾಗಿ ಪುಡಿಯಾಗುತ್ತದೆ. ಅದಕ್ಕೂ ಇದೇ ಉಪಾಯ. ಪಾರದರ್ಶಕ ಪಟ್ಟಿಯ ಅಂಟು ಕಾಲಕ್ರಮದಲ್ಲಿ ಕಲೆ ಮಾಡುತ್ತದೆ. ಮೈದಾಹಿಟ್ಟು ಕುದಿಸಿದ ತೆಳು ಅಂಟು ಒಳ್ಳೆಯದು. ಆದರೆ ಅದಕ್ಕೆ ಹುಳುವಿನ ಕಾಟವುಂಟು. ರಟ್ಟು ಕಟ್ಟುವವರು ಅದರಲ್ಲಿ ಮೈಲುತುತ್ತ ಬೆರೆಸುತ್ತಾರೆ. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ. ಅಂಟಿಸಿದ ಪುಟದ ಮೇಲೆ ಬಿಳಿ ಹಾಳೆ ಇಟ್ಟು, ಭಾರ ಹೇರಿ, ಪೂರ್ತಿ ಒಣಗಿಸಬೇಕು. ನಾಲ್ಕಾರು ಹಾಳೆಗೊಂದರಂತೆ ಹೊಲಿಗೆಯ ಬಳಿ ಬೆರಳಗಲ ಬಿಟ್ಟು ಕತ್ತರಿಸಿ ತೆಗೆದರೆ, ಪುಸ್ತಕ ಉಬ್ಬಿ ಹೊಲಿಗೆ ಬಿಚ್ಚುವುದಿಲ್ಲ. ಮನೆಯ ದಸ್ತಾವೇಜು, ಅಂಕಪಟ್ಟಿ, ಒಂದೇ ಪ್ರತಿಯುಳ್ಳ ಹಳೆಯ ಭಾವಚಿತ್ರಗಳಿಗೆ ಮಾತ್ರ ಕತ್ತರಿ ತಾಗಿಸಬಾರದು.

ಪಾಲಕರಲ್ಲಿ ಒಂದೇ ವಿನಂತಿ. ಮಕ್ಕಳು ಓದಿನ ಹೊತ್ತನ್ನು ಇದಕ್ಕೆ ಕಳೆಯುತ್ತಿದ್ದರೆ ಹೊತ್ತನ್ನು ಗೊತ್ತುಮಾಡಿ ಕೊಡಿ. ಅವರಾಗಿ ತೋರಿಸುವವರೆಗೆ ಪುಸ್ತಕವನ್ನು ತೆರೆಯಬೇಡಿ.

ಆ ಹುಡುಗಿ ಈಗ ಶಾಲೆಯಲ್ಲಿ ಶಿಕ್ಷಕಿ. ಊರು, ಹೆಸರು ಬರೆಯಬಾರದೆಂಬ ಕರಾರಿನ ಮೇಲೆ ಇದನ್ನು ಬರೆಯಲು ಒಪ್ಪಿಗೆ ಕೊಟ್ಟಳು. “ತಂದೆಯವರಿಗೆ ತಿಳಿದರೆ?” ಎಂದು ಕೇಳಿದೆ. ಮದುವೆಯ ಹಿಂದಿನ ರಾತ್ರಿ ಆ ಪುಟವನ್ನು ತಾನೇ ತೆಗೆದು ಅವರ ಮುಂದಿಟ್ಟಳಂತೆ. ಅವರು ಬಿಳಿಯ ಚೀಟಿಯನ್ನು ಬಹಳ ಹೊತ್ತು ಬೆರಳಿನಿಂದ ಸವರಿ, “ನಿನಗ ಗೊತ್ತಿತ್ತೇನವ್ವಾ” ಎಂದಷ್ಟೇ ಅಂದರಂತೆ.