ನಿತ್ಯಪುಷ್ಪದ ಎಲೆಗೆ ಸೈಡ್ ಎಫೆಕ್ಟ್ ಇಲ್ವಂತೆ!

"ಗಿಡಮೂಲಿಕೆ ತಾನೇ, ಸೈಡ್ ಎಫೆಕ್ಟ್ ಏನೂ ಇರಲ್ಲ ಬಿಡು." ಈ ಮಾತನ್ನ ನೀವೂ ಕೇಳಿರ್ತೀರಿ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತೆ. ಯಾಕೆ ಅಂತ ಹೇಳೋಕೆ ನಿತ್ಯಪುಷ್ಪದ ಗಿಡವನ್ನೇ ತಗೋತೀನಿ. ಕೆಲವು ಕಡೆ ಸದಾಪುಷ್ಪ, ಕಾಶಿ ಕಣಗಿಲೆ ಅಂತಲೂ ಕರೀತಾರೆ. ಬಿಳಿಯೋ ಗುಲಾಬಿಯೋ ಐದೇ ಎಸಳು, ಯಾರೂ ನೀರು ಹಾಕದಿದ್ರೂ ವರ್ಷವಿಡೀ ಹೂ. ಹುಟ್ಟೂರು ಮಡಗಾಸ್ಕರ್ ಆದ್ರೂ ಈಗ ನಮ್ಮ ಕಾಂಪೌಂಡಿನದೇ ಗಿಡ :-)

ಬೆಳಿಗ್ಗೆ ಖಾಲಿ ಹೊಟ್ಟೇಲಿ ಇದರ ಎಲೆ ಅಗಿದು ತಿಂದ್ರೆ ಶುಗರ್ ಇಳಿಯುತ್ತೆ ಅಂತ ವಾಟ್ಸಾಪಿನಲ್ಲಿ ಸಲಹೆ ಬರ್ತಾ ಇರುತ್ತೆ. ನಂಬಿಕೆ ಮಾತ್ರ ವಾಟ್ಸಾಪಿಗಿಂತ ಬಹಳ ಹಳೇದು. ಜಮೈಕಾದಲ್ಲೂ ಸಕ್ಕರೆ ಕಾಯಿಲೆಗೆ ಇದರ ಕಷಾಯ ಕುಡೀತಿದ್ರು. ಅಲ್ಲಿಂದ 1952ರಲ್ಲಿ ಒಂದಷ್ಟು ಎಲೆ ಕೆನಡಾದ ವಿಜ್ಞಾನಿ ರಾಬರ್ಟ್ ನೋಬಲ್ ಕೈಗೆ ಬಂತು. ಇಲಿಗಳಿಗೆ ಕುಡಿಸಿ ನೋಡಿದ್ರು, ಸಕ್ಕರೆ ಇಳೀಲಿಲ್ಲ. ಇಂಜೆಕ್ಷನ್ ಕೊಟ್ಟು ನೋಡಿದ್ರು, ಬಿಳಿ ರಕ್ತಕಣಗಳು ಕುಸಿದು, ಸೋಂಕು ತಗುಲಿ ಇಲಿಗಳೇ ಸತ್ತವು!

ಬಿಳಿ ರಕ್ತಕಣ ಕಡಿಮೆ ಮಾಡೋ ವಸ್ತು ರಕ್ತದ ಕ್ಯಾನ್ಸರಿಗೆ ಉಪಯೋಗಕ್ಕೆ ಬರಬಹುದಲ್ವಾ? ನೋಬಲ್ ಮತ್ತು ಜೊತೆಗಾರ ಚಾರ್ಲ್ಸ್ ಬಿಯರ್ ಆ ಜಾಡು ಹಿಡಿದ್ರು. 1958ರಲ್ಲಿ ವಿನ್‌ಬ್ಲಾಸ್ಟಿನ್ ಸಿಕ್ತು. ಇದೇ ಗಿಡದಿಂದ ಬಂದ ವಿನ್‌ಕ್ರಿಸ್ಟಿನ್ ಇವತ್ತೂ ಮಕ್ಕಳ ಲುಕೇಮಿಯಾ ಚಿಕಿತ್ಸೆಯಲ್ಲಿ ಮುಖ್ಯ ಔಷಧಿ. ಆದ್ರೆ ಅದನ್ನ ಕೊಡೋ ರೀತಿ ನೋಡಿ. ರೋಗಿಯ ಮೈ ಅಳತೆ ಹಿಡಿದು, ಮಿಲಿಗ್ರಾಂ ಲೆಕ್ಕದಲ್ಲಿ, ರಕ್ತನಾಳಕ್ಕೆ ಮಾತ್ರ. ಸರಿಯಾಗಿ ಕೊಟ್ಟರೂ ಕೈಕಾಲು ಜೋಮು ಹಿಡಿಯಬಹುದು, ಕೂದಲು ಉದುರಬಹುದು. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದ್ರೆ ಪ್ರಾಣಕ್ಕೇ ಸಂಚಕಾರ.

"ಹಾಗಾದ್ರೆ ಎಲೆ ತಿಂದ್ರೆ ಕ್ಯಾನ್ಸರ್ ಹೋಗುತ್ತಾ?" ಇಲ್ಲ. ಒಂದು ಗ್ರಾಂ ಔಷಧಿ ತೆಗೆಯೋಕೆ ನೂರಾರು ಕಿಲೋ ಒಣ ಎಲೆ ಬೇಕು. "ಅಷ್ಟು ಕಮ್ಮಿ ಇದೆ ಅಂದ್ಮೇಲೆ ನಾಲ್ಕು ಎಲೆಯಿಂದ ಏನು ಅಪಾಯ?" ಇದು ನ್ಯಾಯವಾದ ಪ್ರಶ್ನೆ. ಆದ್ರೆ ಎಲೇಲಿ ಈ ಎರಡೇ ಅಲ್ಲ, ನೂರಕ್ಕೂ ಹೆಚ್ಚು ಆಲ್ಕಲಾಯ್ಡುಗಳಿವೆ. ಯಾವ ಗಿಡದಲ್ಲಿ ಯಾವುದು ಎಷ್ಟು ಅಂತ ಎಲೆ ಮೇಲೆ ಬರೆದಿರಲ್ಲ. ಆಮೇಲಿನ ಕೆಲವು ಪ್ರಾಣಿ ಪ್ರಯೋಗಗಳಲ್ಲಿ ಸಕ್ಕರೆ ಇಳಿದದ್ದೂ ಉಂಟು. ಅದು ನಿಜವೇ ಆದ್ರೆ ಶುಗರ್ ಮಾತ್ರೆ ಜೊತೆ ಎಲೆಯೂ ಸೇರಿ ಸಕ್ಕರೆ ತೀರಾ ಇಳಿದು ತಲೆ ತಿರುಗಿ ಬೀಳಬಹುದು. ಬಸುರಿಯರಂತೂ ಇದರ ತಂಟೆಗೇ ಹೋಗಬಾರದು.

ನಮ್ಮ ದೊಡ್ಡಪ್ಪ ಎಲೆ ಶುರು ಮಾಡಿದ ಮೇಲೆ ಮಾತ್ರೆಯನ್ನ ತಾವೇ ಅರ್ಧ ಮಾಡಿಕೊಂಡಿದ್ರು. ಎಲೆಗಿಂತ ನನಗೆ ಹೆದರಿಕೆ ಆಗಿದ್ದು ಅದಕ್ಕೆ. ಸಕ್ಕರೆ ಏರಿದ್ದು ನೋವು ಕೊಟ್ಟು ಹೇಳಲ್ಲ, ಸದ್ದಿಲ್ಲದೆ ಕಣ್ಣು, ಕಿಡ್ನಿ ತಿನ್ನುತ್ತೆ. "ಬೈಯಲ್ಲ ದೊಡ್ಡಪ್ಪ, ಡಾಕ್ಟರಿಗೆ ಎಲೆ ವಿಷಯ ಹೇಳಿ, ಮೂರು ತಿಂಗಳ ಸರಾಸರಿ ತೋರಿಸೋ ಟೆಸ್ಟ್ ಮಾಡಿಸಿ" ಅಂದೆ. ಗೊಣಗುತ್ತಲೇ ಒಪ್ಪಿದ್ರು.

ನನ್ನ ವಾದ ಇಷ್ಟೇ. ಎಲೇಲಿ ಶಕ್ತಿ ಇದೆ ಅಂದ್ರೆ ಅದು ಔಷಧಿ. ಡೋಸ್ ಎಷ್ಟು, ಯಾವುದರ ಜೊತೆ ಆಗಲ್ಲ ಅಂತ ಕೇಳಲೇಬೇಕು. ಶಕ್ತಿ ಇಲ್ಲ ಅಂದ್ರೆ ಆ ಕಹಿ ಯಾಕೆ ಅಗೀಬೇಕು? ಕೆಲಸ ಮಾತ್ರ ಮಾಡುತ್ತೆ, ತೊಂದರೆ ಮಾತ್ರ ಮಾಡಲ್ಲ ಅನ್ನೋ ಮೂರನೇ ದಾರಿ ನನಗಂತೂ ಕಾಣ್ತಿಲ್ಲ. ನಿಮ್ಮ ಮನೇಲೂ ಯಾರಾದ್ರೂ ಇದನ್ನ ತಿಂತಿದ್ರೆ, ಮಾತ್ರೆ ನಿಲ್ಲಿಸಿಲ್ಲ ತಾನೇ ಅಂತ ಇವತ್ತೇ ಒಮ್ಮೆ ವಿಚಾರಿಸಿ.